ಪರದೇಶದ ಬೈಗುಳ

ಕಾಶವ್ವ ಕೌಂಟರಿನ ಮುಂದೆ ಮತ್ತೊಮ್ಮೆ ಬಾಯಿ ತೆರೆದಳು. ಸರಕಾರ ಎಲ್ಲರ ಕೊರಳಿಗೂ ಬಿಗಿದಿದ್ದ ಪಟ್ಟಿ ಕೆಂಪಗೆ ಮಿನುಗಿ ದನಿ ತಡೆಯಿತು. ಬೈಗುಳ ಗಂಟಲಲ್ಲೇ ನಿಂತಿತು.

“ಕನ್ನಡದ್ದು ಬರೂದಿಲ್ರಿ ಅವ್ವಾರ, ಕಾಯ್ದೆದಾಗ ಬಂದ್ ಐತಿ,” ಎಂದ ಪರದೇಶದ ಬೈಗುಳ ಮಾರುವ ಕೇಂದ್ರದ ವಿರೂಪಾಕ್ಷಿ. “ಇಲ್ಲಿ ಯಾರಿಗೂ ತಿಳೀಲಾರದ ಭಾಷೆದಾಗ ಬೈರಿ, ಪಟ್ಟಿ ಸುಮ್ನಿರತೈತಿ. ಯಾರ ಮ್ಯಾಲೆ ಸಿಟ್ಟು?”

“ದೇವರ ಮ್ಯಾಲೆ. ಮಗನ ಮ್ಯಾಲೂ. ಅವನ ಹೆಣ ಅಂಗಳದಾಗ ಐತಿ. ಹಾಡ್ಯಾಡಿ ಅಳಾಕ ಕುಂತೆ. ‘ನನ್ನ ಬಿಟ್ಟು ಹೊಂಟೆಲ್ಲೋ’ ಅಂದೆ. ಮುಂದ ದನಿನ ಹೊರಡಲಿಲ್ಲ.”

ಮುಂದಿನ ಮಾತು ಬೈಗುಳವೇ. ಅವಳ ಊರಲ್ಲಿ ಸತ್ತ ಮಗನನ್ನು ಬೈಯದೆ ಯಾವ ತಾಯಿಯೂ ಅತ್ತಿರಲಿಲ್ಲ.

“ದೇವರಿಗಾದ್ರ ಇಟಲಿಯವರದು ಒಯ್ರಿ, ಅವರು ದೇವರಿಗೆ ಹಂದಿ ಅಂತಾರ. ಡಚ್ಚರು ರೋಗ ಬರಲಿ ಅಂತಾರ. ಜರ್ಮನರದು ಬರೇ ಹೇಲು. ಮಗಗ ಸ್ಪೇನಿನವರದು ಕೊಡ್ಲ್ಯಾ? ಅದು ತಾಯಿ ಮ್ಯಾಲೆ ಹೋಗತೈತಿ.”

“ಅವನ ತಾಯಿ ನಾನ ಅದೀನಿ.”

ವಿರೂಪಾಕ್ಷಿ ಇಟಲಿಯದನ್ನು ನಿಧಾನವಾಗಿ ಹೇಳಿಕೊಟ್ಟ. ಅವಳು ಹಾಗೆಯೇ ಅಂದಳು. ಪಟ್ಟಿ ಮಿನುಗಲಿಲ್ಲ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು, “ಎಷ್ಟ್ ಛಂದ ಕೇಳಸ್ತೈತಿ,” ಎಂದು ನಕ್ಕಳು. ಕಾಶವ್ವನ ಕಣ್ಣು ಒಣಗಿಯೇ ಇತ್ತು.

“ಸಣ್ಣಾಂವ ಇದ್ದಾಗಿಂದ ಅವನ್ನ ನಾ ಕರೀತಿದ್ದದ್ದ…” ಎಂದಳು. ಪಟ್ಟಿ ಕೆಂಪಾಯಿತು.

ವಿರೂಪಾಕ್ಷಿಗೆ ಆ ಮಾತು ಯಾವುದೆಂದು ಗೊತ್ತಿತ್ತು. ಊಟಕ್ಕೆ ಕೂಗುವಾಗ ಅವನ ಅವ್ವನೂ ಅದನ್ನೇ ಅನ್ನುತ್ತಿದ್ದಳು. ಅವನು ತಲೆ ತಗ್ಗಿಸಿದ.

“ಪುಕ್ಕಟೆ ಕೊಡ್ತೀನ್ರಿ ಅವ್ವಾರ. ಮಣ್ಣಾಗೂತನಕ ಇಡೀ ಯುರೋಪಿಂದು ಒಯ್ರಿ.”

“ಒಲ್ಲೆ,” ಅಂದಳು ಕಾಶವ್ವ.