ಕೊನೆಯ ಬೆಂಚಿನಲ್ಲಿ ಕೂತವರು

ಬಂದೇಬಿಟ್ಟರು! ಕ್ಲಾಸಿನ ಕೊನೆಯ ಬೆಂಚಿನಲ್ಲಿ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು, ಪಕ್ಕದಲ್ಲಿ ಇಳಕಲ್ ಸೀರೆಯ ಹೆಂಗಸು. ಪಲ್ಲವಿ ಹಿಂತಿರುಗಿ ನೋಡಿದ್ದು ಒಂದೇ ಸಲ. ತಟ್ಟನೆ ಪುಸ್ತಕದಲ್ಲಿ ಮುಖ ಹುದುಗಿಸಿದಳು.

ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಅಜ್ಜಿ ಹುಲಿಗೆವ್ವ ಸುದ್ದಿ ಹೇಳಿದ್ದಳು. "ಅಗರಖೇಡದವರು ಈ ವಾರದಾಗ ನಿನ್ನ ನೋಡಾಕ ಬರ್ತಾರ. ಹೇಳಿ ಬರೂದಿಲ್ಲ. ಕಾಲೇಜಿನ್ಯಾಗೋ ಬಸ್ ಸ್ಟ್ಯಾಂಡಿನ್ಯಾಗೋ ಸುಮ್ಮ ನೋಡಿ ಹೋಗ್ತಾರ. ಹುಡುಗ ಮಾಸ್ತರ ಅದಾನ, ಜಾಣ ಹುಡಿಗೀನ ಬೇಕಂತ."

ಮೊದಲು ಕದ್ದು ನೋಡುವುದು, ಮನಸ್ಸಿಗೆ ಬಂದರೆ ಮಾತ್ರ ಮನೆಗೆ ಬರುವುದು. ಒಪ್ಪಿಗೆಯಾಗದಿದ್ದರೂ ಯಾರಿಗೂ ಅವಮಾನವಿಲ್ಲ. ಹುಡುಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಅಷ್ಟೇ.

ಪಲ್ಲವಿಗೆ ಓದಬೇಕಿತ್ತು. ಪಿಯುಸಿ ಮುಗಿಸಿ, ವಿಜಯಪುರಕ್ಕೆ ಹೋಗಿ ಡಿಗ್ರಿ ಮಾಡಬೇಕಿತ್ತು. ಜಾಣ ಹುಡುಗಿ ಬೇಕೆ? ಹಾಗಾದರೆ ಇಡೀ ಸಿಂದಗಿ ತಾಲೂಕಿನಲ್ಲಿ ತನ್ನಂಥ ದಡ್ಡಿ ಇನ್ನೊಬ್ಬಳಿಲ್ಲ ಎಂದು ಇವತ್ತು ತೋರಿಸಿಯೇ ಬಿಡಬೇಕು.

ವಿದ್ಯಾವತಿ ಮೇಡಂ ಕಾದಂಬರಿಯ ಪಾಠ ನಿಲ್ಲಿಸಿ, ಹಲಗೆಯ ಮೇಲೆ ನಿರೂಪಕ, ಪ್ರತಿನಾಯಕ, ಸಂಘರ್ಷ ಎಂದು ಬರೆದರು. ಹಿಂದೆ ಕೂತವರತ್ತ ನೋಡಿ ನಕ್ಕು, ನೇರ ಪಲ್ಲವಿಯನ್ನೇ ಎಬ್ಬಿಸಿದರು. ಮೇಡಂ ಕೂಡ ಅವರ ಕಡೆಯವರೇ! ಪಲ್ಲವಿಗೆ ಮೈಯೆಲ್ಲ ಉರಿಯಿತು.

"ನಿರೂಪಕ ಅಂದ್ರ ಯಾರವಾ?"

"ಪುಸ್ತಕ ಅಚ್ಚು ಹಾಕಿದಾವ್ರಿ."

ಕ್ಲಾಸು ಗೊಳ್ಳೆಂದು ನಕ್ಕಿತು.

"ಪ್ರತಿನಾಯಕ?"

"ನಾಯಕನ ತಮ್ಮ ಇರಬೇಕ್ರಿ."

ಮೇಡಂ ಮುಖ ಕಪ್ಪಿಟ್ಟಿತು. ನಿನ್ನೆಯಷ್ಟೇ ಈ ಹುಡುಗಿ ಇವನ್ನೆಲ್ಲ ಉದಾಹರಣೆ ಸಮೇತ ಗೆಳತಿಯರಿಗೆ ಬಿಡಿಸಿ ಹೇಳಿದ್ದಳು. "ಸಂಘರ್ಷನಾದ್ರೂ ಹೇಳು," ಎಂದು ಬೇಡುವ ದನಿಯಲ್ಲಿ ಕೇಳಿದರು. ಪಲ್ಲವಿ ಉಗುರು ಕಚ್ಚುತ್ತ ಕಿಟಕಿಯಾಚೆ ನೋಡಿದಳು.

ಕ್ಲಾಸು ಮುಗಿದ ಮೇಲೆ ಇಳಕಲ್ ಸೀರೆಯ ಹೆಂಗಸು ಬಾಗಿಲಲ್ಲೇ ಅವಳನ್ನು ತಡೆದಳು. ಜಡೆಯಿಂದ ಸವೆದ ಚಪ್ಪಲಿಯವರೆಗೆ ಒಮ್ಮೆ ಕಣ್ಣಾಡಿಸಿದಳು.

"ಅಪ್ಪ ಏನ್ ಮಾಡ್ತಾನವಾ? ಹೊಲ ಐತೇನು?"

"ಹಮಾಲಿ ಮಾಡ್ತಾನ್ರಿ. ಹೊಲ ಇಲ್ರಿ."

"ಮನಿ ಬಿಟ್ಟು ದೂರ ಇರ್ತೀಯೇನು?"

"ಒಂದ್ ದಿನಾನೂ ಆಗೂದಿಲ್ರಿ," ಎಂದಳು ಪಲ್ಲವಿ, ಗಟ್ಟಿಯಾಗಿ.

ಹೆಂಗಸು ಗಂಡನ ಮುಖ ನೋಡಿ ತಲೆಯಾಡಿಸಿದಳು. ಇಬ್ಬರೂ ಹೊರಟರು. ಗೆದ್ದೆ ಎಂದು ಪಲ್ಲವಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅವರನ್ನು ಗೇಟಿನವರೆಗೆ ಕಳಿಸಿ ವಾಪಸು ಬಂದ ಮೇಡಂ ಕಣ್ಣುಗಳು ಒದ್ದೆಯಾಗಿದ್ದವು.

"ಏನಾಗಿತ್ತ ನಿನಗ? ಬಾಗೇವಾಡಿಯ ಆ ಗಂಡ ಹೆಂಡತಿ ವರ್ಷಕ್ಕ ಒಬ್ಬಾಕಿ ಬಡವರ ಹುಡಿಗಿನ್ನ ವಿಜಯಪುರದಾಗ ಇಟ್ಟು ಡಿಗ್ರಿ ಓದಸ್ತಾರ. ಮೊದಲ ಹೇಳಿದ್ರ ಬಾಯಿಪಾಠ ಮಾಡ್ಕೊಂಡು ಬರ್ತಾಳ, ಹೇಳಬ್ಯಾಡ್ರಿ ಅಂದಿದ್ರು. ಈ ಕಾಲೇಜಿನಿಂದ ನಾ ಕೊಟ್ಟಿದ್ದು ನಿನ್ನ ಹೆಸರೊಂದ. ಈಗ ನಿನ್ನ ಬಿಟ್ಟು ಮುದ್ದೇಬಿಹಾಳ ಕಾಲೇಜಿನ ಹುಡಿಗಿನ್ನ ಗಟ್ಟಿ ಮಾಡಿ ಹ್ವಾದ್ರು."