ಬರೀ ಒಂದು ಲಿಂಕ್

ಆಸ್ಪತ್ರೆಯಲ್ಲಿ ಗೊತ್ತಾದ ಆಪರೇಷನ್ನಿನ ದಿನವನ್ನು ರೋಗಿಗಳು ಫೋನಿನಲ್ಲೇ ರದ್ದು ಮಾಡಿಕೊಳ್ಳಲೆಂದು ವನಮಾಲಾ ಬರೆದಿದ್ದ ಪ್ರೋಗ್ರಾಂ ನೋಡಿ ಅವಳ ಮೇಲಧಿಕಾರಿ ಉದಯಶಂಕರನಿಗೆ ವಾಕರಿಕೆ ಬಂತು.

"ಥೂ, ಇದೇನ್ರೀ ಹೊಲಸು? ಲಕೋಟೆ ಒಳಗೆ ಲಕೋಟೆ ಇಟ್ಟು ಸೀಲು ಹಾಕಿದ ಹಾಗೆ, ಆಮೇಲೆ ರೋಗಿ ಹತ್ರ ಇನ್ನೊಂದು ಸಲ ಒಪ್ಪಿಗೆ. ಒಂದು ರದ್ದು ಮಾಡೋಕೆ ಇಷ್ಟೊಂದಾ?"

"ತೆರೆದು ನೋಡೋದು ಬೇರೆ, ರದ್ದು ಮಾಡೋದು ಬೇರೆ ಸರ್. ಎರಡಕ್ಕೂ ಒಂದೇ ಬಾಗಿಲು ಇಡಬಾರದು."

"ನನಗೆ ಪಾಠ ಹೇಳ್ಬೇಡಿ."

ಮಧ್ಯಾಹ್ನದೊಳಗೆ ಅವನು ಅದನ್ನೆಲ್ಲ ಕಿತ್ತು ಬಿಸಾಡಿದ. ಈಗ ರೋಗಿಯ ಹೆಸರಿನ ಲಿಂಕ್ ತೆರೆದರೆ ಸಾಕು, ಆಪರೇಷನ್ ರದ್ದು.

ಮಾದರಿಗೆಂದು ಅವನ ಕೈಗೆ ಸಿಕ್ಕಿದ್ದು ತನ್ನ ತಾಯಿ ಸರಸ್ವತಮ್ಮನವರದೇ ಲಿಂಕ್. ತಿಂಗಳುಗಟ್ಟಲೆ ಕಾದ ಮೇಲೆ ಅವರ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದನ್ನೇ ಆಫೀಸಿನ ಗ್ರೂಪಿಗೆ ಹಾಕಿದ.

"ಯಾರೂ ಒತ್ತಬೇಡಿ. ಎಷ್ಟು ಚಿಕ್ಕದಿದೆ ಅಂತ ಸುಮ್ಮನೆ ನೋಡಿ, ಕಲೀರಿ."

ಯಾರೂ ಒತ್ತಲಿಲ್ಲ. ಯಾವುದೇ ಲಿಂಕ್ ಹಾಕಿದರೂ ಅದರೊಳಗೆ ಏನಿದೆಯೆಂದು ಫೋನು ತಾನೇ ತೆರೆದು ನೋಡಿ ತೋರಿಸುವ ಪುಟ್ಟ ಚೌಕ, ಎಂದಿನಂತೆ ಕೆಳಗೆ ಮೂಡಿತು. ಅದರಲ್ಲಿ ಬರೆದಿತ್ತು:

"ಸರಸ್ವತಮ್ಮನವರ ಆಪರೇಷನ್ ರದ್ದಾಗಿದೆ. ಆ ದಿನವನ್ನು ಮುಂದಿನ ರೋಗಿಗೆ ಕೊಡಲಾಗಿದೆ."