ಬಾಯಿ ತುಂಬ ಅಪ್ಪನ ಮಾತು

ಎತ್ತರದವರಿಗೆಂದೇ ಇದ್ದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಓಡೆಟ್ ತನ್ನ ಎತ್ತರಕ್ಕೆ ಎರಡಂಗುಲ ಸೇರಿಸಿದಳು. ಅಳೆಯಲು ಬಂದರೆ ಹಿಮದ ಬೂಟು ಹಾಕಿಕೊಂಡರಾಯಿತು ಎಂಬ ಧೈರ್ಯ. ಯಾರೂ ಬರಲಿಲ್ಲ. ‘ವಿಷಾದಿಸುತ್ತೇವೆ’ ಎಂಬ ಕಾಗದ ಬಂತು.

ಅಂಥದ್ದು ಅದು ಮೂವತ್ತೇಳನೆಯದು. ಎಡಗೈಯವರ ವಿದ್ಯಾರ್ಥಿವೇತನಕ್ಕಾಗಿ ವಾರವಿಡೀ ಎಡಗೈಯಲ್ಲಿ ಬರೆದು ಪಳಗಿದ್ದಳು. ಅರ್ಜಿ ನೋಡಿದರೆ ಟೈಪ್ ಮಾಡಿ ಕಳಿಸುವಂಥದ್ದು. ಬಾತುಕೋಳಿಯಂತೆ ಕೂಗಿ ವಿದ್ಯಾರ್ಥಿವೇತನ ಗೆಲ್ಲುವ ಸ್ಪರ್ಧೆಗೆ ಅಭ್ಯಾಸ ಮಾಡಿದಾಗ ಮೆಚ್ಚಿ ಓಗೊಟ್ಟದ್ದು ಪಕ್ಕದ ಮನೆಯ ನಾಯಿ ಮಾತ್ರ. ಹದಿನೇಳು ವರ್ಷ ಬದುಕಿಯೂ ಹೇಳಿಕೊಳ್ಳುವಂಥ ಒಂದು ಕಷ್ಟವಿಲ್ಲ, ಒಂದು ಪ್ರತಿಭೆಯಿಲ್ಲ. ತನ್ನ ಸೋಮಾರಿತನಕ್ಕೆ ಅವಳೇ ನಾಚಿದಳು.

ಉಳಿದದ್ದು ಊರಿನ ಮಹಿಳಾ ಸಂಘದ್ದೊಂದೇ. ‘ಓದಿನ ಬೆಲೆ ಬಲ್ಲ ಒಬ್ಬರ ಬಗ್ಗೆ ಬರೆಯಿರಿ’ ಎಂದಷ್ಟೇ ಇತ್ತು. ಮಿಕ್ಕವರೆಲ್ಲ ತಮ್ಮನ್ನೇ ಹೊಗಳಿಕೊಳ್ಳುತ್ತಾರೆ, ವಿನಯ ತೋರಿಸಿದರೆ ಮುದುಕಿಯರು ಕರಗುತ್ತಾರೆ ಎಂದು ಓಡೆಟ್ ಜಾಣತನ ಮಾಡಿದಳು. ಅಪ್ಪ ಅರ್ಮಾನ್ ಬಗ್ಗೆ ಬರೆದಳು. ಹದಿನಾರಕ್ಕೆ ಶಾಲೆ ಬಿಟ್ಟು, ಊರಿನ ರಸ್ತೆಗಳ ಹಿಮ ತೆಗೆಯುವ ಗಾಡಿ ಹತ್ತಿದವರು. ನಲವತ್ತಕ್ಕೆ ಹೈಸ್ಕೂಲು ಪರೀಕ್ಷೆ ಕಟ್ಟಿ ಪಾಸಾದವರು. ಮಗಳ ಗಣಿತದ ಪುಸ್ತಕವನ್ನು ಮಗಳಿಗಿಂತ ಮೊದಲು ಓದಿ ಮುಗಿಸುವವರು. ಕಣ್ಣೀರು ತರಿಸಲು ಏನಾದರೂ ಸೇರಿಸೋಣವೆಂದು ಕೂತಳು. ಸೇರಿಸಬೇಕಾಗಲಿಲ್ಲ, ಮೊದಲು ಅತ್ತವಳು ಅವಳೇ.

ಸಂದರ್ಶನಕ್ಕೆ ಕರೆ ಬಂತು. ಚರ್ಚಿನ ನೆಲಮಾಳಿಗೆ, ಮೂವರು ಹೆಂಗಸರು, ಒಂದು ತಟ್ಟೆ ಡೋನಟ್. ಅವರು ಓಡೆಟ್‌ಳ ಅಂಕ ಕೇಳಲಿಲ್ಲ, ಗುರಿ ಕೇಳಲಿಲ್ಲ. ಬಾಯಿ ತುಂಬ ಅಪ್ಪನ ಮಾತೇ. ಗಾಳ ಕಚ್ಚಿದ್ದಾರೆ ಎಂದು ಅವಳು ಒಳಗೊಳಗೇ ಹಿಗ್ಗಿದಳು.

“ನಿಮ್ಮಪ್ಪನಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುವಾಗುತ್ತಮ್ಮ?” ಎಂದರು ಅಧ್ಯಕ್ಷೆ.

ಕಾಲೇಜಿಗೆ ತನ್ನನ್ನು ಬಿಟ್ಟುಬರುವವರು ಯಾರು ಎಂದು ವಿಚಾರಿಸುತ್ತಿದ್ದಾರೆ, ಪಾಪ. “ಒಂಬತ್ತಕ್ಕೆಲ್ಲ ಕೆಲಸ ಮುಗಿಸಿರ್ತಾರೆ. ಆಮೇಲೆ ದಿನವೆಲ್ಲ ಖಾಲಿ” ಎಂದಳು.

“ಅನುಕೂಲವೇ ಆಯ್ತು ಬಿಡು” ಎಂದು ಅಧ್ಯಕ್ಷೆ ಬರೆದುಕೊಂಡರು.

ಎರಡು ವಾರಕ್ಕೆ ದಪ್ಪ ಲಕೋಟೆ ಬಂತು. ‘ಅಭಿನಂದನೆಗಳು’ ಎಂಬ ಒಂದು ಪದ ಕಂಡದ್ದೇ ತಡ, ಓಡೆಟ್ ಕಾಗದವನ್ನು ಅಪ್ಪನ ಕೈಗೆ ತುರುಕಿದಳು. “ಮಿಕ್ಕಿದ್ದು ನೀನೇ ಓದಪ್ಪ” ಎಂದು, ಕಾಲೇಜಿಗೆ ಯಾವ ಸ್ವೆಟರ್ ಒಯ್ಯುವುದೆಂದು ಕಪಾಟು ತೆರೆದಳು.

ಅರ್ಮಾನ್ ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕುರ್ಚಿಯ ತುದಿಯಲ್ಲಿ ಕುಳಿತರು.

“ಮಗಳೇ, ನಾಲ್ಕು ವರ್ಷ ಕಾಲೇಜಿಗೆ ಹೋಗಬೇಕಾದ್ದು ನಾನಂತೆ.”